ಇಂಗ್ಲೆಂಡಿನ ಮೋರಿ ಮತ್ತು ನಮ್ಮ ಯಜಮಾನ್ರು

ಅವರು ಹೋದ ಸುದ್ದಿ ನನಗೆ ತಿಳಿದದ್ದು ಹತ್ತು ದಿನ ತಡವಾಗಿ. ಹಳೆಯ ಆಫೀಸಿನವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೈಮುಗಿದ ಚಿತ್ರ ಹಾಕಿ, ಕೆಳಗೆ ‘ನಮ್ಮ ಯಜಮಾನ್ರು’ ಎಂದಷ್ಟೇ ಬರೆದಿದ್ದರು. ಅದರ ಬೆನ್ನಿಗೇ ನಾಲ್ಕು ಹುಟ್ಟುಹಬ್ಬದ ಶುಭಾಶಯ, ಒಂದು ಸೈಟು ಮಾರಾಟದ ಜಾಹೀರಾತು ಬಂದು ಬಿದ್ದು ಸುದ್ದಿ ಮುಚ್ಚಿಹೋಗಿತ್ತು. ಸಂಜಯನಗರದ ನಮ್ಮ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಬಕೆಟ್ಟಿನ ಪಕ್ಕದಲ್ಲೇ ಕುಳಿತುಬಿಟ್ಟೆ. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಒಂದು ಫೋನು ಮಾಡಿ ತಿಳಿಸಲಿಲ್ಲವಲ್ಲ ಎಂದು ಎಲ್ಲರ ಮೇಲೂ ಹರಿಹಾಯ್ದೆ, ಮನಸ್ಸಿನಲ್ಲೇ. ಒಂದೂವರೆ ವರ್ಷದಿಂದ ಫೋನು ಮಾಡಬೇಕು, ಮಾಡಬೇಕು ಎಂದುಕೊಳ್ಳುತ್ತಲೇ ಇದ್ದವಳು ನಾನೂ ತಾನೇ.

ಅವರ ಹೆಸರು ಬರೆಯುವುದಿಲ್ಲ. ಬಾಗಲೂರಿನ ಕಡೆಯ ರೈತ ಮನೆತನದವರು, ಸರ್ಕಾರಿ ಸರ್ವೇಯರ್ ಆಗಿ ಜೀವಮಾನವೆಲ್ಲ ಜಮೀನು ಅಳೆದು ನಿವೃತ್ತರಾದವರು, ಅಷ್ಟು ಸಾಕು. ಆಫೀಸಿನಲ್ಲಿ ಬಾಗಿಲು ಕಾಯುವವನಿಂದ ಮಾಲೀಕನವರೆಗೆ ಎಲ್ಲರೂ ಅವರನ್ನು ಯಜಮಾನ್ರು ಎಂದೇ ಕರೆಯುತ್ತಿದ್ದೆವು. ಅಷ್ಟು ವರ್ಷದ ನೌಕರಿಯಲ್ಲಿ ಅವರು ನಕ್ಷೆಯ ಮೇಲೆ ಎಳೆಯಬೇಕಾಗಿದ್ದ ಒಂದು ಗೆರೆಯನ್ನು ಎಳೆದಿರಲಿಲ್ಲ. ಸಾಯುವುದರೊಳಗೆ ಅದೊಂದನ್ನು ಸರಿಮಾಡಬೇಕು, ಆದರೆ ಮಾಡಲು ಧೈರ್ಯವಿಲ್ಲ, ಇದು ಅವರ ಎದೆಯೊಳಗಿದ್ದ ಮುಳ್ಳು. ನಾನು ಹೇಳಹೊರಟಿರುವುದು ಅದನ್ನೇ. ಆದರೆ ಅಲ್ಲಿಗೆ ಹೋಗಲು ಇಂಗ್ಲೆಂಡಿನ ಒಂದು ಪುಟ್ಟ ಊರನ್ನು ದಾಟಿಕೊಂಡು ಹೋಗಬೇಕು.

ಹೆಬ್ಬಾಳದ ಫ್ಲೈಓವರಿಗೆ ಮುಖ ಮಾಡಿಕೊಂಡಿದ್ದ ನಮ್ಮದು ನಕ್ಷೆ ಬಿಡಿಸುವ ಆಫೀಸು. ವಿಮಾನದಿಂದ ತೆಗೆದ ಫೋಟೋಗಳು ಹೊರದೇಶದಿಂದ ಬರುತ್ತಿದ್ದವು. ಅವುಗಳ ಮೇಲೆ ಮನೆ, ರಸ್ತೆ, ಮರ, ಹಳ್ಳ ಎಲ್ಲಕ್ಕೂ ಕಂಪ್ಯೂಟರಿನಲ್ಲಿ ಗೆರೆ ಎಳೆದು ವಾಪಸ್ಸು ಕಳಿಸುವುದು ನಮ್ಮ ಕೆಲಸ. ಹದಿನಾಲ್ಕು ಜನರ ಟೀಮಿಗೆ ನಾನು ಲೀಡರು. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಅಂಥ ನನ್ನ ತಲೆಗೆ ಒಂದು ಬೆಳಿಗ್ಗೆ ಮಾಲೀಕರು ಈ ಹಿರಿಯರನ್ನು ತಂದು ಕಟ್ಟಿದರು. ಯಾವುದೋ ಹಳ್ಳಿ ನಕ್ಷೆಗಳ ಕೆಲಸಕ್ಕೆ ಸಲಹೆಗಾರರಾಗಿ ಬಂದಿದ್ದರಂತೆ, ಆ ಕೆಲಸ ಮುಗಿಯಿತಂತೆ, ಮನೆಯಲ್ಲಿ ಕೂರಲು ಆಗುವುದಿಲ್ಲವಂತೆ. ಅರ್ಧ ತೋಳಿನ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಊಟದ ಕ್ಯಾರಿಯರು. ಚಪ್ಪಲಿ ಹೊರಗೆ ಬಿಟ್ಟು ಬಂದರು. ಅವರ ಇಬ್ಬರು ಮಕ್ಕಳೂ ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರುಗಳು ಎಂದು ಕೇಳಿ, ‘ಇವರಿಗೆ ಈ ಕರ್ಮ ಯಾಕೆ’ ಎಂದು ನಾನು ಗೊಣಗಿದ್ದು ಅವರಿಗೆ ಕೇಳಿಸಿತ್ತೆಂದು ಕಾಣುತ್ತದೆ. ಸುಮ್ಮನೆ ನಕ್ಕರು.

ನಮಗೆ ಆಗ ಬಂದಿದ್ದ ಊರು ಲಂಡನ್ನಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ, ಹೊಳೆ ದಂಡೆಯ ಒಂದು ಸಣ್ಣ ಊರು. ಹೆಸರು ಹೇಳುವಂತಿಲ್ಲ, ಒಪ್ಪಂದ ಹಾಗಿತ್ತು. ಯಜಮಾನ್ರಿಗೆ ಆ ಹೆಸರು ಬಾಯಿಗೆ ಹತ್ತಲೂ ಇಲ್ಲ. ಅವರು ಹೊಳೆಯೂರು ಎಂದರು, ವಾರದೊಳಗೆ ಆಫೀಸೆಲ್ಲ ಹೊಳೆಯೂರು ಅನ್ನತೊಡಗಿತು. ಹೊಳೆ ಉಕ್ಕಿದರೆ ಯಾವ ಮನೆಗೆ ನೀರು ನುಗ್ಗುತ್ತದೆ, ಯಾವ ಜಾಗದಲ್ಲಿ ಹೊಸ ಮನೆ ಕಟ್ಟಬಹುದು ಎಂದು ಅಲ್ಲಿನವರು ತೀರ್ಮಾನಿಸುವುದು ನಾವು ಬಿಡಿಸಿಕೊಟ್ಟ ನಕ್ಷೆ ನೋಡಿಕೊಂಡು. ಊರನ್ನು ಚೌಕ ಚೌಕವಾಗಿ ಕತ್ತರಿಸಿ ದಿನಕ್ಕೆ ಒಬ್ಬರಿಗೆ ಇಷ್ಟು ಎಂದು ನಾನು ಹಂಚುತ್ತಿದ್ದೆ. ಉಳಿದವರು ತಮ್ಮ ಚೌಕ ತೆರೆದು ಗೆರೆ ಎಳೆಯತೊಡಗಿದರೆ, ಇವರು ಮೂರು ದಿನ ಒಂದು ಗೆರೆಯನ್ನೂ ಎಳೆಯದೆ ಇಡೀ ಊರನ್ನು ನೋಡುತ್ತ ಕುಳಿತರು. ನಾಲ್ಕನೆಯ ದಿನ ನಾನು ಹೋಗಿ ಕೇಳಿದೆ, ಏನು ಸಮಾಚಾರ ಎಂದು.

“ನೀರು ಎಲ್ಲಿಂದ ಬತ್ತದೆ, ಎಲ್ಲಿಗ್ ಓಯ್ತದೆ, ಅದ್ ಮೊದ್ಲು ತಿಳೀಬೇಕು ಕಣಮ್ಮ. ಊರು ಚೌಕ ಚೌಕ್ವಾಗ್ ಇರಕಿಲ್ಲ” ಎಂದರು.

ಈ ಮಾತಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವರ ಪಾಲಿನ ಚೌಕಗಳನ್ನು ಬೇರೆಯವರಿಗೆ ಹಂಚಿಬಿಟ್ಟೆ ಎಂದಷ್ಟೇ ಹೇಳುತ್ತೇನೆ.

ಆದರೆ ಎರಡೇ ವಾರ. ಟೀಮಿನಲ್ಲಿ ಯಾರಿಗೆ ಏನು ಗೊತ್ತಾಗದಿದ್ದರೂ ಎದ್ದು ಅವರ ಮೇಜಿನ ಹತ್ತಿರ ಹೋಗುತ್ತಿದ್ದರು. ಅವರು ಹೆಬ್ಬೆರಳನ್ನು ಪರದೆಗೆ ಒತ್ತಿ, ಬೀದಿಗುಂಟ ನಡೆಸಿಕೊಂಡು ಹೋಗಿ ತೋರಿಸುತ್ತಿದ್ದರು. ಪರದೆ ತುಂಬ ಬೆರಳಚ್ಚು. ಗುಡಿಸಿ ಒರೆಸುವ ಹೆಂಗಸು ದಿನಾ ಬೈಯುತ್ತಿದ್ದಳು, ಇವರು ದಿನಾ ತಪ್ಪಾಯ್ತು ಕಣವ್ವ ಅನ್ನುತ್ತಿದ್ದರು.

ಅವರು ಆ ಊರನ್ನು ಓದಿದ ರೀತಿ ಇದೆಯಲ್ಲ, ಅದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಇಂಗ್ಲಿಷ್ ಓದಲು ಬರುತ್ತಿತ್ತು, ಆದರೆ ಆ ದೇಶದ ಬಗ್ಗೆ ಓದಿದವರಲ್ಲ. ಮೊದಲು ಚರ್ಚು ಹುಡುಕಿದರು. ದೇವರನ್ನು ಹಿರಿಯರು ಇಟ್ಟ ಕಡೆ ಎಂದೂ ನೀರು ಬಂದಿರುವುದಿಲ್ಲ, ಹಳೇ ಊರು ಅದರ ಸುತ್ತ ಇರುತ್ತದೆ ಎಂದರು. ಇತ್ತು. ಚರ್ಚಿನಿಂದ ಹೊಳೆಯ ಸೇತುವೆಗೆ ಇಳಿಯುವ ಒಂದೇ ಇಕ್ಕಟ್ಟಾದ ಬೀದಿ, ಎರಡೂ ಕಡೆ ಒಂದಕ್ಕೊಂದು ಒರಗಿ ನಿಂತ ಹಳೆಯ ಅಂಗಡಿಗಳು. ಇಂಟರ್ನೆಟ್ಟಿನಲ್ಲಿ ಸಿಗುವ ಆ ಬೀದಿಯ ಫೋಟೋಗಳಲ್ಲಿ ಅವರು ನೋಡಿದ್ದು ಅಂಗಡಿಯ ಬೋರ್ಡನ್ನಲ್ಲ, ಮೆಟ್ಟಿಲುಗಳನ್ನು. ಚರ್ಚಿನ ಹತ್ತಿರದ ಮನೆಗಳಿಗೆ ಮೆಟ್ಟಿಲೇ ಇಲ್ಲ, ಇಳಿಯುತ್ತ ಹೋದಂತೆ ಒಂದು, ಎರಡು, ಸೇತುವೆಯ ಪಕ್ಕದ ಹಳೆಯ ಹೋಟೆಲಿಗೆ ಐದು. ಹೊಳೆ ಎಲ್ಲಿಯವರೆಗೆ ಬಂದಿತ್ತು ಅಂತ ಮೆಟ್ಟಿಲೇ ಹೇಳುತ್ತದಲ್ಲ ಎಂದರು. ನಾನು ಆ ಮೆಟ್ಟಿಲುಗಳನ್ನು ನೂರು ಸಲ ನೋಡಿದ್ದೆ, ಎಣಿಸಿರಲಿಲ್ಲ. ಅವರ ಚೌಕಗಳನ್ನು ಅಂದೇ ವಾಪಸ್ಸು ಕೊಟ್ಟೆ.

ಸೇತುವೆಯ ಆಚೆ ದಂಡೆಯಲ್ಲಿ ದೊಡ್ಡ ಹುಲ್ಲುಗಾವಲು, ಅದರಲ್ಲಿ ಹಸುಗಳು. ಅಷ್ಟು ಬೆಲೆಬಾಳುವ ಊರಿನ ನಟ್ಟನಡುವೆ ಒಂದು ಮನೆಯೂ ಇಲ್ಲದೆ ಬಿದ್ದಿದ್ದ ಆ ಜಾಗವನ್ನು ನೋಡಿ ನಮ್ಮ ಹುಡುಗಿಯರು ಆಶ್ಚರ್ಯಪಟ್ಟರು. ಯಜಮಾನ್ರು ‘ಗೋಮಾಳ’ ಎಂದು ಖುಷಿಯಿಂದ ತೊಡೆ ತಟ್ಟಿದರು. ಪಕ್ಕದಲ್ಲೇ ಕ್ರಿಕೆಟ್ ಮೈದಾನ. ತಗ್ಗಿನ ಜಾಗವನ್ನು ಆಟಕ್ಕೆ ಬಿಟ್ಟಿದ್ದಾರೆ, ನೀರು ಬಂದರೆ ನಾಲ್ಕು ದಿನ ಆಟ ನಿಲ್ಲುತ್ತದೆ ಅಷ್ಟೇ, ಬುದ್ಧಿವಂತರು ಎಂದು ಹೊಗಳಿದರು. ಮೈದಾನದ ಹಿಂದೆ ಸಣ್ಣ ಸಣ್ಣ ತರಕಾರಿ ಪಾತಿಗಳು ಸಾಲಾಗಿದ್ದವು. ಊರಿನವರಿಗೆ ತಲಾ ಒಂದು ಪಾತಿ, ಗುದ್ದಲಿ ಸಾಮಾನು ಇಡಲು ಒಂದು ಮರದ ಗೂಡು. ಅವುಗಳಲ್ಲಿ ಯಾವುದರಲ್ಲಿ ಮಣ್ಣು ಚೆನ್ನಾಗಿ ಅಗೆದಿದೆ, ಯಾರು ಸೋಮಾರಿ ಎಂದು ಆಕಾಶದಿಂದ ತೆಗೆದ ಫೋಟೋ ನೋಡಿ ಹೇಳುತ್ತಿದ್ದರು. ನಿಧಾನದ ಹೊಳೆ ಅದು. ನಡುವೆ ಒಂದು ದ್ವೀಪ, ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲು, ಪಕ್ಕದಲ್ಲಿ ನೀರು ಧುಮುಕುವ ಒಂದು ಒಡ್ಡು. ಅದನ್ನು ಅವರು ಕೋಡಿ ಎಂದರು. ನಮ್ಮ ಕೆರೆ ತುಂಬಿದರೆ ಹೆಚ್ಚಿನ ನೀರು ಹೋಗುವ ಜಾಗವೂ ಕೋಡಿಯೇ.

ಇನ್ನೊಂದು ದಿನ ರೈಲು ನಿಲ್ದಾಣದ ಫೋಟೋ ನೋಡುತ್ತ ಬಹಳ ಹೊತ್ತು ಕುಳಿತಿದ್ದರು. ನಿಲ್ದಾಣದ ಮುಂದೆ ಕಾರುಗಳು ಕಿಕ್ಕಿರಿದು ನಿಂತಿವೆ, ಮನೆಗಳ ಮುಂದೆ ಒಂದೂ ಇಲ್ಲ, ಬೀದಿಯಲ್ಲಿ ಜನ ಇಲ್ಲ. ಎಲ್ಲರೂ ಬೆಳಿಗ್ಗೆಯೇ ಲಂಡನ್ನಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದು ನಾನು ವಿವರಿಸಿದೆ. ಇವರಿಗೆ ಕಳವಳವಾಯಿತು. ಹಗಲು ಹೊತ್ತಲ್ಲಿ ನೀರು ಬಂದರೆ ಯಾರು ನೋಡುತ್ತಾರೆ, ಮುದುಕರು ಮಾತ್ರ ಇರುತ್ತಾರಲ್ಲ ಎಂದರು. ಯಲಹಂಕವೂ ಹೀಗೇ ಆಗಿದೆ, ಬೆಂಗಳೂರಿಗಿಂತ ಹಳೆಯ ಊರು, ಈಗ ಬೆಳಗಾದರೆ ಬೆಂಗಳೂರಿಗೆ ಹೋಗಿ ಸಂಜೆ ಮಲಗಲು ಬರುವವರ ಊರು, ಯಾರ ಮನೆ ಹಿಂದೆ ಯಾವ ಕಾಲುವೆ ಅಂತ ಯಾರಿಗೂ ತಿಳಿಯದು ಎಂದು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

ಇಷ್ಟೆಲ್ಲ ಇದ್ದರೂ ಅವರ ಒಂದು ಅಭ್ಯಾಸ ನನಗೆ ಆಗುತ್ತಿರಲಿಲ್ಲ. ಮೋಡ ಕಟ್ಟಿದರೆ ಎದ್ದು ಹೊರಟುಬಿಡುವರು. ಕೆಲಸ ಅರ್ಧಕ್ಕೆ ನಿಂತಿರಲಿ, ಮೀಟಿಂಗ್ ನಡೆಯುತ್ತಿರಲಿ, ‘ಬತ್ತೀನಮ್ಮ’ ಎಂದು ಕ್ಯಾರಿಯರು ಎತ್ತಿಕೊಂಡು ಬಸ್ಸಿಗೆ ಓಡುವರು. ಹುಡುಗರು ಅದಕ್ಕೆ ಮಳೆ ರಜೆ ಎಂದು ಹೆಸರಿಟ್ಟಿದ್ದರು. ಈ ವಯಸ್ಸಿನಲ್ಲಿ ಮಳೆಗೆ ಹೆದರುತ್ತಾರಲ್ಲ ಎಂದು ನಾನೂ ನಕ್ಕಿದ್ದೆ.

ಜಗಳ ಶುರುವಾದದ್ದು ಒಂದು ತೊರೆಯಿಂದ. ನಮಗೆ ಗಿರಾಕಿಗಳು ಕೊಟ್ಟಿದ್ದ ನಿಯಮ ಒಂದೇ: ಫೋಟೋದಲ್ಲಿ ಕಂಡದ್ದನ್ನು ಬರೆಯಿರಿ, ಕಾಣದ್ದನ್ನು ಬರೆಯಬೇಡಿ. ಊರಿನ ಹಿಂಭಾಗದಲ್ಲಿ, ರೈಲು ದಾರಿಯಿಂದಾಚೆ, ಗುಡ್ಡದ ಇಳಿಜಾರಿನಲ್ಲಿ ಹೊಸ ಮನೆಗಳ ಸಾಲಿತ್ತು. ಅಲ್ಲಿ ಮನೆಗಳ ಹಿತ್ತಿಲ ಹಿಂದೆ ಯಜಮಾನ್ರು ಒಂದು ತೊರೆ ಎಳೆದು, ರೈಲು ದಾರಿಯ ಕೆಳಗೆ ಒಂದು ಮೋರಿ ಬರೆದು, ಹೊಳೆಗೆ ಸೇರಿಸಿದ್ದರು. ಫೋಟೋದಲ್ಲಿ ಅಲ್ಲಿ ಮರಗಳ ದಟ್ಟ ಹಸಿರು ಬಿಟ್ಟು ಏನೂ ಇಲ್ಲ. ತಪಾಸಣೆಯವರು ಕೆಂಪು ಗುರುತು ಹಾಕಿ ಅಳಿಸಿದರು. ಇವರು ಮತ್ತೆ ಬರೆದರು. ಮತ್ತೆ ಕೆಂಪು. ಮೂರು ಕೆಂಪು ಬಿದ್ದರೆ ಆ ಕೆಲಸದಿಂದಲೇ ತೆಗೆಯಬೇಕು, ಅದು ನಿಯಮ. ಮೂರನೆಯ ಸಲ ಬರೆಯಲು ಕುಳಿತಿದ್ದಾಗ ನಾನು ಹೋಗಿ ಎಲ್ಲರೆದುರೇ ಕೂಗಾಡಿದೆ. ಹಟ ಮಾಡಲು ನನ್ನ ಟೀಮೇ ಬೇಕಾಗಿತ್ತೇ, ಕಾಣದ್ದನ್ನು ಹೇಗೆ ಬರೆಯುತ್ತೀರಿ, ಮೂವತ್ತು ವರ್ಷ ಸರ್ಕಾರದಲ್ಲಿ ಹೀಗೇ ಬರೆದಿರಾ ಎಂದೆಲ್ಲ ಅಂದೆ.

ಕೊನೆಯ ಮಾತಿಗೆ ಅವರ ಮುಖ ಬಿಳುಚಿಕೊಂಡಿತು. “ಇಲ್ಲಮ್ಮ. ಆವಾಗ ಕಂಡದ್ದೇ ಬರ್ದಿದ್ದೆ. ಅದುಕ್ಕೇ ಇಂಗಾಯ್ತು” ಎಂದರು.

ಊಟದ ಹೊತ್ತಿಗೆ ನಾನೇ ಹೋಗಿ ಅವರ ಎದುರು ಕುಳಿತೆ. ಕ್ಯಾರಿಯರಿನ ಮುಚ್ಚಳದಲ್ಲಿ ಉಪ್ಸಾರು ಆರಿ ಹೋಗುತ್ತಿದ್ದರೂ ಅವರು ಉಣ್ಣದೆ ಹೇಳುತ್ತ ಹೋದರು. ಕೆಲಸಕ್ಕೆ ಸೇರಿದ ಹೊಸತು. ಬಾಗಲೂರಿಗೂ ಯಲಹಂಕಕ್ಕೂ ನಡುವಿನ ಒಂದು ಹಳ್ಳಿಯನ್ನು ಅಳೆಯಲು ಹೋಗಿದ್ದರು. ಅಳತೆಯ ಸರಪಳಿ ಹಿಡಿಯುವ ಮೊದಲು ಊರಿನ ಹಿರಿಯರನ್ನು ಕರೆದು ಕೇಳಬೇಕು ಎಂಬುದು ವಾಡಿಕೆ. ಬಂದವರಲ್ಲಿ ನೀರಗಂಟಿಯೂ ಇದ್ದ. ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವವನು ನೀರಗಂಟಿ. ಆ ಮುದುಕ ರಾಗಿ ಹೊಲದ ನಡುವೆ ನಿಂತು, ಸ್ವಾಮಿ, ಇಲ್ಲಿ ರಾಜಕಾಲುವೆ ಹೋಗುತ್ತದೆ, ಮಳೆ ಕಮ್ಮಿಯಾಗಿ ಉತ್ತುಬಿಟ್ಟಿದ್ದಾರೆ, ಬರೆದುಕೊಳ್ಳಿ ಎಂದನಂತೆ. ಇವರು ನೋಡಿದರು. ಕಂಡದ್ದು ರಾಗಿ ಪೈರು. ಕೆಳಗಿನ ಕೇರಿಯ ಮುದುಕ ನನಗೆ ಪಾಠ ಹೇಳುತ್ತಾನಲ್ಲ ಎಂಬ ಪ್ರಾಯದ ಜಂಬ ಬೇರೆ. ಕಾಲುವೆ ಬರೆಯಲಿಲ್ಲ. ನಕ್ಷೆಯಲ್ಲಿ ಇಲ್ಲದ ಕಾಲುವೆಯ ಮೇಲೆ ಮುಂದೆ ಲೇಔಟ್ ಬಂತು, ಮನೆಗಳು ಬಂದವು. ಯಾರನ್ನೂ ಬೈಯುವಂತಿಲ್ಲ, ಕಾಗದ ಸರಿಯಾಗಿತ್ತು. ಜೋರು ಮಳೆ ಬಂದಾಗಲೆಲ್ಲ ನೀರು ಮಾತ್ರ ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದು ಆ ಬೀದಿಯ ಮನೆಗಳಿಗೆ ನುಗ್ಗುತ್ತದೆ.

ನಿವೃತ್ತಿಯಾದ ವರ್ಷ ಇವರು ಹೋಗಿ ನೋಡಿದರಂತೆ. ಕಾಲುವೆ ಕೆರೆಗೆ ಸೇರುವ ಜಾಗದಲ್ಲಿ, ಬೀದಿಯ ಕೊನೆಗೆ, ಸರಿಯಾಗಿ ಕಾಲುವೆಯ ಮೇಲೇ ಒಂದು ಮನೆ. ಅದರಲ್ಲಿದ್ದವರು ಸಾಮಾನು ಕಟ್ಟಿಕೊಂಡು ಖಾಲಿ ಮಾಡುತ್ತಿದ್ದರು. ಆ ಮನೆಯನ್ನು ಯಜಮಾನ್ರು ಕೊಂಡರು. ಮಕ್ಕಳ ಅಪಾರ್ಟ್‌ಮೆಂಟಿನ ಏಳನೇ ಮಹಡಿ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ಬಂದು ಅಲ್ಲಿ ಸಂಸಾರ ಹೂಡಿದರು. ತಾನು ಮುಚ್ಚಿದ ಕಾಲುವೆಯ ಮೇಲೆ ಬೇರೆಯವರ ಮಕ್ಕಳು ಮಲಗಬಾರದು, ಅದೊಂದೇ ಕಾರಣ. ಮೋಡ ಕಂಡರೆ ಓಡುತ್ತಿದ್ದದ್ದು ಚರಂಡಿಯ ಬಾಯಿಗೆ ಸಿಕ್ಕಿಕೊಂಡ ಕಸ ಬಿಡಿಸಲು, ಬಾಗಿಲು ಬಾಗಿಲು ತಟ್ಟಿ ಗಾಡಿ ಎತ್ತಿಡಿ, ಅಕ್ಕಿ ಮೇಲಿಡಿ ಎಂದು ಎಚ್ಚರಿಸಲು. ಬೀದಿಯವರಿಗೆ ಇವರು ಯಾರೋ ಒಳ್ಳೆಯ ಮುದುಕ ಎಂದಷ್ಟೇ ಗೊತ್ತು, ಕಾಲುವೆ ಬರೆಯದೆ ಹೋದವರು ಇವರೇ ಎಂದು ಗೊತ್ತಿಲ್ಲ. ಬಿಟ್ಟವನು ನಾನೇ ಎಂದು ಸರ್ವೇ ಕಚೇರಿಗೆ ಬರೆದುಕೊಟ್ಟರೆ ಕಾಲುವೆ ದಾಖಲೆಗೆ ಬರುತ್ತದೆ. ಬರೆದುಕೊಡಬೇಕು ಎಂದು ಎಷ್ಟೋ ಸಲ ಪೆನ್ನು ಹಿಡಿದಿದ್ದರಂತೆ. ಕೈ ಏಳಲಿಲ್ಲ. ಜೀವಮಾನವಿಡೀ ಸಂಪಾದಿಸಿದ ಹೆಸರು, ಪಿಂಚಣಿ, ಮಕ್ಕಳ ಮುಖ ಎಲ್ಲ ಅಡ್ಡ ಬಂದವು.

ನಾನು ಕ್ಯಾರಿಯರಿನ ಮುಚ್ಚಳವನ್ನು ಅವರ ಮುಂದಕ್ಕೆ ಸರಿಸಿ, ಮೊದಲು ಉಣ್ಣಿ ಎಂದೆ.

ಊಟವಾದ ಮೇಲೆ ಅವರು ಕ್ಯಾಂಟೀನಿನಿಂದ ಒಂದು ಅಗಲವಾದ ಸ್ಟೀಲ್ ತಟ್ಟೆ ತಂದರು. ಆಫೀಸಿನ ಹೂಕುಂಡಗಳಿಂದ ಕೆಮ್ಮಣ್ಣು ತೆಗೆದು, ನೀರು ಹಾಕಿ ಕಲಸಿ, ನಕ್ಷೆಯ ಎತ್ತರದ ಗೆರೆಗಳನ್ನು ನೋಡಿಕೊಂಡು ತಟ್ಟೆಯಲ್ಲಿ ಹೊಳೆಯೂರನ್ನು ತಟ್ಟಿದರು. ಒಂದು ಕಡೆ ಗುಡ್ಡ, ಅದರ ಇಳಿಜಾರು, ಅಡ್ಡಕ್ಕೆ ರೈಲು ದಾರಿಯ ದಿಬ್ಬ, ದಿಬ್ಬದ ಈಚೆ ಹಳೇ ಊರು, ಆಮೇಲೆ ಹೊಳೆ. ಟೀಮೆಲ್ಲ ಎದ್ದು ಬಂದು ಸುತ್ತ ನಿಂತಿತು. ಗುಡ್ಡದ ಮೇಲಿಂದ ಒಂದು ಲೋಟ ನೀರು ನಿಧಾನ ಸುರಿದರು. ನೀರು ಇಳಿದು ಬಂದು ದಿಬ್ಬಕ್ಕೆ ತಾಗಿ ನಿಂತಿತು. ಮೇಲೇರಿತು. ಹೊಸ ಮನೆಗಳಿದ್ದ ಜಾಗವೆಲ್ಲ ಮುಳುಗಿತು.

“ಇದು ರೈಲ್ ದಾರಿ ಅಲ್ಲ ಕಣಮ್ಮ, ಕೆರೆ ಏರಿ. ರೈಲ್ ಹಾಕ್ದವ್ರು ದಡ್ಡರಾ? ಎಲ್ಲೋ ಒಂದು ಮೋರಿ ಇಟ್ಟೇ ಇರ್ತಾರೆ” ಎಂದು ಪೆನ್ಸಿಲಿನಿಂದ ದಿಬ್ಬಕ್ಕೆ ಒಂದು ತೂತು ಮಾಡಿದರು. ನಿಂತ ನೀರೆಲ್ಲ ಆ ತೂತಿನಿಂದ ಹೊಳೆಗೆ ಹರಿದುಹೋಯಿತು.

ಮೋರಿ ಅಲ್ಲಿದೆ ಎಂದು ನಕ್ಷೆ ಹೇಳದಿದ್ದರೆ ಅಲ್ಲಿನವರು ಒಂದು ದಿನ ಅದನ್ನು ಮುಚ್ಚಿ ಶೆಡ್ಡು ಕಟ್ಟುತ್ತಾರೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಗಿರಾಕಿಗೆ ನಿಯಮ ಮೀರಿ ಕಾಗದ ಬರೆದರೆ ನನ್ನ ಬುಡಕ್ಕೇ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆದರೂ ಆ ಮಧ್ಯಾಹ್ನವೇ ಬರೆದೆ. ಮರಗಳ ಕೆಳಗೆ, ಇಂಥ ಮನೆಯ ಹಿತ್ತಿಲ ಹಿಂದೆ, ಒಂದು ಮೋರಿ ಇದೆ ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಾರೆ, ದಯವಿಟ್ಟು ಯಾರಾದರೂ ಹೋಗಿ ನೋಡಿ ಎಂದು. ನನ್ನ ಮೇಲಿನವರು ಆ ವಾರವೆಲ್ಲ ನನ್ನೊಡನೆ ಮುಖ ಕೊಟ್ಟು ಮಾತಾಡಲಿಲ್ಲ.

ಉತ್ತರ ಬರಲು ಹದಿನೈದು ದಿನ ಹಿಡಿಯಿತು. ಬರೆದವರು ಗಿರಾಕಿಗಳಲ್ಲ, ಅವರು ನಮ್ಮ ಕಾಗದ ದಾಟಿಸಿದ್ದ ಆ ಊರಿನ ಆಡಳಿತ ಕಚೇರಿಯ ಒಬ್ಬ ಹೆಂಗಸು. ಆಕೆ ಶನಿವಾರ ಗಮ್‌ಬೂಟು ಹಾಕಿಕೊಂಡು ತಾನೇ ಹೋಗಿದ್ದಳು. ಮುಳ್ಳುಪೊದೆಯ ಒಳಗೆ, ನಾವು ಹೇಳಿದ ಜಾಗದಿಂದ ಹತ್ತು ಹೆಜ್ಜೆ ಕೂಡ ಆಚೀಚೆಯಿಲ್ಲದಂತೆ, ಇಟ್ಟಿಗೆಯ ಕಮಾನಿನ ಮೋರಿ ಸಿಕ್ಕಿತು, ಬಾಯಿ ಮುಕ್ಕಾಲು ಕಟ್ಟಿಕೊಂಡಿದೆ ಎಂದು ಬರೆದು ಫೋಟೋ ಕಳಿಸಿದ್ದಳು. ಅದೇ ಊರಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದಾಳಂತೆ, ದಿನಾ ಆ ಮೋರಿಯ ಮೇಲಿನ ರೈಲಿನಲ್ಲೇ ಓಡಾಡಿದ್ದಾಳಂತೆ, ಗೊತ್ತಿರಲಿಲ್ಲವಂತೆ. ಮೋರಿಯ ಪಕ್ಕದ ಮನೆಯ ಎಂಬತ್ತು ದಾಟಿದ ಮುದುಕನೊಬ್ಬ ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಕುಂಟೆ ಹಿಡಿದು ಹೋಗಿ ಅದರ ಬಾಯಿ ಬಿಡಿಸುತ್ತಿದ್ದನಂತೆ, ಯಾರೂ ಹೇಳಿದ್ದಲ್ಲ. ಮಂಡಿ ನೋವಾಗಿ ಎರಡು ವರ್ಷದಿಂದ ಹೋಗಿಲ್ಲ, ಕಚೇರಿಗೆ ಹೇಳಿದರೆ ನಕ್ಷೆಯಲ್ಲಿ ಅಂಥದ್ದೇನೂ ಇಲ್ಲ ಎಂದರು ಎಂದು ಆಕೆಗೆ ಹೇಳಿದನಂತೆ. ಕೊನೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಹಿರಿಯರು ನಮ್ಮ ಊರಿನಲ್ಲಿ ಯಾವಾಗ ಇದ್ದರು?

ನಾನು ಅದನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳಿದೆ. ಟೀಮು ಚಪ್ಪಾಳೆ ತಟ್ಟಿತು. ಅವರು ಅದನ್ನು ಗಮನಿಸಲೇ ಇಲ್ಲ. ಎದ್ದು ನಿಂತು, ಮೇಜಿನ ಅಂಚು ಹಿಡಿದುಕೊಂಡರು.

“ಆ ಮುದುಕನ ಮಾತು, ಈವಾಗ ಕೇಳಿದ್ರಂತಾ?”

“ಕೇಳಿದ್ರಂತೆ ಯಜಮಾನ್ರೇ. ಇನ್ಮೇಲೆ ವರ್ಷಾ ವರ್ಷಾ ಅವ್ರೇ ಕ್ಲೀನ್ ಮಾಡಿಸ್ತಾರಂತೆ. ನಕ್ಷೇಲೂ ಹಾಕ್ತಾರೆ.”

ಅವರು ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಷ್ಟು ವಯಸ್ಸಾದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಹುಡುಗರು ಚಪ್ಪಾಳೆ ನಿಲ್ಲಿಸಿ ತಮ್ಮ ತಮ್ಮ ಜಾಗಕ್ಕೆ ಹೋದರು.

ಮಾರನೆಯ ದಿನ ಒಂದು ಹಾಳೆ ತಂದು ನನ್ನ ಮುಂದಿಟ್ಟರು. ದುಂಡಗಿನ ಅಕ್ಷರ, ಸರ್ಕಾರಿ ಕನ್ನಡ. ತಪ್ಪಿದ್ದರೆ ತಿದ್ದು ಎಂದರು. ‘ಸದರಿ ಗ್ರಾಮದ ಅಳತೆಯನ್ನು ಮಾಡಿದವನು ನಾನೇ ಆಗಿರುತ್ತೇನೆ. ಸ್ಥಳದಲ್ಲಿ ಹಾಜರಿದ್ದ ನೀರಗಂಟಿಯು ಕಾಲುವೆ ಇರುವುದಾಗಿ ತಿಳಿಸಿದ್ದಾಗ್ಯೂ ನಾನು ನಕ್ಷೆಯಲ್ಲಿ ನಮೂದಿಸಿರುವುದಿಲ್ಲ. ತಪ್ಪು ನನ್ನದು.’ ನೀರಗಂಟಿಯ ಹೆಸರನ್ನೂ ಅವನ ತಂದೆಯ ಹೆಸರನ್ನೂ ಪೂರ್ತಿಯಾಗಿ ಬರೆದಿದ್ದರು. ಕೆಳಗೆ ತಮ್ಮ ಸಹಿ, ಹಳೆಯ ಹುದ್ದೆ, ಈಗಿನ ವಿಳಾಸ. ಜೊತೆಗೆ ಕೈಯಿಂದ ಬಿಡಿಸಿದ ಒಂದು ನಕ್ಷೆ. ಆ ಗೆರೆ ಬೀದಿಯುದ್ದಕ್ಕೂ ಬಂದು, ಕೊನೆಗೆ ಅವರ ಸ್ವಂತ ಮನೆಯ ಹಿಂದಿನ ಅರ್ಧವನ್ನು ಸೀಳಿಕೊಂಡು ಕೆರೆಗೆ ಹೋಗಿತ್ತು.

ನಾನು ಬೇಡಿಕೊಂಡೆ. ತಪ್ಪು ನನ್ನದು ಎಂಬುದೊಂದನ್ನು ತೆಗೆಯಿರಿ, ಕಣ್ತಪ್ಪಿನಿಂದ ಬಿಟ್ಟುಹೋಗಿದೆ ಎಂದು ಬರೆದರೂ ಕೆಲಸ ಆಗುತ್ತದೆ ಎಂದೆ.

“ಕಣ್ಣು ನೆಟ್ಟಗಿತ್ತು ಕಣಮ್ಮ. ಅವನ್ ಮಾತ್ ನಾನ್ ಕೇಳ್ನಿಲ್ಲ. ಅದ್ನೇ ಬರ್ದಿವ್ನಿ.”

ಆ ವಾರ ಅವರ ದೊಡ್ಡ ಮಗ ಆಫೀಸಿಗೆ ಬಂದ. ದೊಡ್ಡ ಕಾರು, ಎರಡು ಫೋನು. ಕೂಗಾಡಲು ಬಂದವನು ನನ್ನ ಮುಂದೆ ಕುಳಿತ ಮೇಲೆ ಸುಸ್ತಾದವನ ಹಾಗೆ ಕಂಡ. ಅಪ್ಪ ಕೊಟ್ಟ ಕಾಗದ ಸರ್ವೇ ಕಚೇರಿಯಲ್ಲಿ ಎಲ್ಲರ ಕೈಯಲ್ಲಿ ಓಡಾಡುತ್ತಿದೆ, ಬೀದಿಯವರಿಗೂ ಗೊತ್ತಾಗಿದೆ, ಇಷ್ಟು ವರ್ಷ ನಮ್ಮ ಮನೆಗೆ ನೀರು ನುಗ್ಗಿಸಿದ್ದು ನೀನೇನಾ ಎಂದು ಒಬ್ಬ ಹೆಂಗಸು ಅಪ್ಪನ ಅಂಗಿ ಹಿಡಿದು ಜಗ್ಗಿದಳಂತೆ. ಅಪ್ಪ ಹೌದು ತಾಯಿ ಅಂದನಂತೆ. “ನಾವು ನಾಳೆ ಮುಖ ಎತ್ಕೊಂಡು ಓಡಾಡ್ಬೇಕಾ ಬೇಡ್ವಾ, ನೀವೇ ಹೇಳಿ ಮೇಡಂ” ಎಂದ. ನಿಮ್ಮ ಅಪ್ಪನ ಹಾಗೆ ಎತ್ತಿಕೊಂಡೇ ಓಡಾಡಿ ಎಂದು ಹೇಳಬೇಕಿತ್ತು, ಅದು ನನಗೆ ಹೊಳೆದದ್ದು ಅವನು ಹೋದ ಮೇಲೆ.

ತಿಂಗಳ ಕೊನೆಗೆ ಯಜಮಾನ್ರು ಕೆಲಸ ಬಿಟ್ಟರು. ಅಳತೆಯವರು ಬರುತ್ತಿದ್ದಾರೆ, ಮನೆಯಲ್ಲಿ ಇರಬೇಕು ಎಂದರು. ಹೊರಡುವಾಗ ಕಂಪ್ಯೂಟರಿನ ಪರದೆಯನ್ನು ಕರ್ಚೀಫಿನಿಂದ ತಾವೇ ಚೊಕ್ಕಟವಾಗಿ ಒರೆಸಿದರು. ಆಮೇಲೆ ನಾನೂ ಬೇರೆ ಕಡೆ ಕೆಲಸಕ್ಕೆ ಸೇರಿದೆ. ಒಂದೆರಡು ಸಲ ಅವರ ಫೋನು ಬಂದಿತ್ತು, ಕಾಲುವೆ ತೋರಿಸುವ ಹಳೇ ಗ್ರಾಮನಕ್ಷೆ ಸಿಕ್ಕಿತಂತೆ, ಕಾಲುವೆ ದಾಖಲೆಗೆ ಬಂತಂತೆ ಎಂದು. ಆಮೇಲಿನದು ನನಗೆ ಗೊತ್ತಿರಲಿಲ್ಲ.

ಸುದ್ದಿ ತಿಳಿದ ಭಾನುವಾರ ಮಧ್ಯಾಹ್ನ ಅವರ ಮನೆ ಹುಡುಕಿಕೊಂಡು ಹೋದೆ. ಯಲಹಂಕ ದಾಟುವಷ್ಟರಲ್ಲಿ ಆಕಾಶ ಬಾಯಿ ಬಿಟ್ಟಂತೆ ಮಳೆ ಹುಯ್ದಿತು, ಆಟೋ ಒಂದು ಮರದ ಕೆಳಗೆ ಅರ್ಧ ಗಂಟೆ ನಿಂತಿತು. ಆ ಬೀದಿಗೆ ಹೋಗಿ ಇಳಿದಾಗ ಸೀರೆ ಎತ್ತಿ ಹಿಡಿದೇ ಇಳಿದೆ. ಹಿಡಿಯಬೇಕಾಗಿರಲಿಲ್ಲ, ರಸ್ತೆ ಒದ್ದೆಯಾಗಿತ್ತು ಅಷ್ಟೇ. ಹೆಂಗಸರು ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಯಜಮಾನ್ರ ಮನೆ ಯಾವುದು ಎಂದು ಕೇಳಿದೆ. ಒಬ್ಬಾಕೆ ಎದ್ದು ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ದಾರಿಯಲ್ಲಿ, ಒಂದು ಸಲ ನಾನು ಅವರ ಅಂಗಿ ಹಿಡಿದು ಜಗ್ಗಿದ್ದೆ ಎಂದು ತಾನಾಗಿಯೇ ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವರ ಹೆಂಡತಿಯನ್ನು ನಾನು ಮೊದಲ ಸಲ ನೋಡಿದ್ದು. ಸಣ್ಣಗಿನ ಹೆಂಗಸು, ಗಟ್ಟಿ ದನಿ. ಮುಂದಿನ ಕೋಣೆಯಲ್ಲೇ ಒಲೆ, ಪಾತ್ರೆ, ಮಂಚ ಎಲ್ಲ. ಕಾಫಿ ಕೊಟ್ಟು, ಬಾ ತೋರಿಸ್ತೀನಿ ಎಂದು ಹಿಂದಿನ ಬಾಗಿಲು ತೆಗೆದರು. ಬಾಗಿಲಾಚೆ ಮನೆ ಇರಲಿಲ್ಲ. ಅಡುಗೆಮನೆ, ಬಚ್ಚಲು, ಒಂದು ಕೋಣೆ, ಅಷ್ಟನ್ನೂ ಸರ್ಕಾರದ ನೋಟೀಸು ಬರುವ ಮೊದಲೇ ಯಜಮಾನ್ರು ನಿಂತು ಕೆಡವಿಸಿದ್ದರು. ಆ ಜಾಗದಲ್ಲಿ ಎರಡೂ ಕಡೆ ಕಲ್ಲು ಕಟ್ಟಿದ ಅಗಲವಾದ ಕಾಲುವೆ. ಬೀದಿಯ ನೀರೆಲ್ಲ ಕೆಂಪಗೆ, ಭೋರೆಂದು, ನಮ್ಮ ಕಾಲಿನ ಹತ್ತಿರವೇ ಹರಿದು ಕೆರೆಗೆ ಹೋಗುತ್ತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದು ನೋಡುತ್ತಲೇ ನಿಂತೆ. ನನ್ನ ಜೀವನದಲ್ಲಿ ಇಷ್ಟು ದೊಡ್ಡ ಮನುಷ್ಯನನ್ನು ನಾನು ಕಂಡಿಲ್ಲ ಎಂದು ಅವರಿಗೆ ಹೇಳಿದೆ.

ಹೇಗಾಯಿತು ಎಂದು ಕೇಳಿದೆ.

“ಊಟ ಮಾಡಿ ಮಲಗಿದ್ರು. ಮಳೆ ಬಂತು. ಮೊದ್ಲೆಲ್ಲ ಒಂದು ಹನಿ ಬಿದ್ರೂ ಎದ್ದು ಓಡೋರು ಕಣವ್ವ, ಅವತ್ತು ಇಂಗೇ ಭೋರಂತ ಬಂದ್ರೂ ಏಳ್ನಿಲ್ಲ. ನೀರು ಓಯ್ತಾ ಐತಲ್ಲ, ಇನ್ನಾದ್ರೂ ಮಲಗ್ಲಿ ಅಂತ ನಾನೂ ಎಬ್ಬಿಸ್ನಿಲ್ಲ.”